ಹಿಮೋಗ್ಲೋಬಿನ್ ಕಾಕಾನ ಪಂಕ್ತಿ

ನಮ್ಮ ಕಾಕಾನಿಗೆ ನಾಚಿಕೆ ಎಂಬುದೇ ಇಲ್ಲ. ಇದು ನನ್ನ ಮಾತಲ್ಲ, ನಮ್ಮ ಕಾಕುವಿನ ಮಾತು. ನಲವತ್ತು ವರ್ಷ ಅವರ ಜೊತೆ ಸಂಸಾರ ಮಾಡಿದವಳು ಅವಳು, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಬೇಕೇ ಬೇಕೆಂದರೆ ಬೆಳಗಾವಿಯಿಂದ ಖಾನಾಪುರದವರೆಗೆ ಹರಡಿಕೊಂಡಿರುವ ನಮ್ಮ ಬೀಗರು ಬಿಜ್ಜರಲ್ಲಿ ಯಾರನ್ನಾದರೂ ಕೇಳಿ. "ಯಾರು, ಆ ಮೊದಲ ಎಲಿ ಮಾಸ್ತರೇನು?" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕು ಮುಗಿದ ಮೇಲೆ, "ಆದರ ಮನಷ್ಯಾ ಚಲೋ ಬಿಡ್ರಿ" ಎನ್ನುತ್ತಾರೆ.

ನಮ್ಮ ಕಡೆಯ ಮದುವೆಯೂಟ ನೋಡಿದವರಿಗೆ ಈ ಹೆಸರು ಹೇಗೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಎಲೆ ಹಾಕಿರುತ್ತದೆ. ನೀರು ಚಿಮುಕಿಸಿರುತ್ತದೆ. ಎಲೆಯ ತುದಿಗೆ ಉಪ್ಪು, ಚಟ್ನಿ, ಕೋಸಂಬರಿ ಬಂದು ಕೂತಿರುತ್ತವೆ. ಕೂಡಬೇಕಾದ ಜನ ಮಾತ್ರ ಎರಡು ಮಾರು ದೂರ ನಿಂತು ಮೇಲೆ ತಿರುಗುವ ಫ್ಯಾನು ನೋಡುತ್ತಿರುತ್ತಾರೆ! ಮುಂಜಾನೆ ಏಳಕ್ಕೆ ಮನೆ ಬಿಟ್ಟವರು, ಒಂದು ಬಟ್ಟಲು ಉಪ್ಪಿಟ್ಟಿನ ಮೇಲೆ ಮಧ್ಯಾಹ್ನ ಎರಡರವರೆಗೆ ಜೀವ ಹಿಡಿದವರು. ಹೊಟ್ಟೆ ಎಲ್ಲರದೂ ಕೂಗುತ್ತಿರುತ್ತದೆ. ಆದರೆ ಮೊದಲು ಕೂತವನು ಹಸಿದು ಬಂದವನು ಎಂದಾಗುತ್ತದಲ್ಲ, ಅದು ಮರ್ಯಾದೆಯ ಪ್ರಶ್ನೆ.

"ನೀವು ಕುಂದರ್ರಿ, ದೊಡ್ಡವರು."

"ಛೇ ಛೇ, ನೀವು ದೂರದಿಂದ ಬಂದೀರಿ, ನೀವು ಕುಂದರ್ರಿ."

"ನಮ್ಮದೇನ್ ಬಿಡ್ರಿ, ನಾವು ಮನಿ ಮಂದಿ."

ಈ ಉಪಚಾರ ಮುಗಿಯುವಷ್ಟರಲ್ಲಿ ಅನ್ನ ಆರುತ್ತದೆ. ಬಡಿಸುವವರು ಬಕೆಟ್ಟು ಕೆಳಗಿಟ್ಟು ಸೊಂಟ ಹಿಡಿದುಕೊಳ್ಳುತ್ತಾರೆ. ಆಗ ಗುಂಪನ್ನು ಸೀಳಿಕೊಂಡು ನಮ್ಮ ಕಾಕಾ ಬರುತ್ತಾರೆ. ಧೋತರದ ಅಂಚು ಎತ್ತಿ, ಸಾಲಿನ ಸರಿಯಾಗಿ ನಡುವಿನ ಎಲೆಗೆ ಚಕ್ಕಳಮಕ್ಕಳ ಹಾಕಿ ಕೂತು, "ಹೂಂ, ಅನ್ನ ತರ್ರಿ!" ಎನ್ನುತ್ತಾರೆ. ಅಷ್ಟೇ ಸಾಕು. ಎರಡನೆಯವರು "ಹೋಗ್ಲಿ, ಮಾಸ್ತರಿಗೆ ಜೋಡಿ ಆಗತೈತಿ" ಎಂದು ಕೂಡುತ್ತಾರೆ. ಮೂರನೆಯವರಿಗೆ ನೆಪವೂ ಬೇಕಾಗುವುದಿಲ್ಲ. ಹತ್ತನೆಯವರ ಹೊತ್ತಿಗೆ ಜಾಗಕ್ಕಾಗಿ ನೂಕಾಟ ಶುರುವಾಗಿರುತ್ತದೆ.

ಕಾಕುವಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಮನೆಗೆ ಬಂದ ಕೂಡಲೇ ಶುರು. "ಮಂದಿ ಏನ ತಿಳಕೊಂಡಾರು? ನಾ ನಿಮಗ ಮನ್ಯಾಗ ಕೂಳ ಹಾಕಂಗಿಲ್ಲ ಅಂತ ತಿಳಕೊಂಡಾರು!"

"ತಿಳಕೊಳ್ಳಲಿ ಬಿಡ," ಎನ್ನುತ್ತಾರೆ ಕಾಕಾ ಸಮಾಧಾನದಿಂದ. "ಬಿಸಿ ಅನ್ನ ಉಂಡರಲ್ಲ, ಅಷ್ಟ ಸಾಕು."

ಕಾಕಾ ಹೊಟ್ಟೆಬಾಕರೆಂದು ನೀವು ತಿಳಿದರೆ ತಪ್ಪು. ಅವರು ಉಣ್ಣುವುದು ಗುಬ್ಬಿಯಷ್ಟು. ಅವರು ಬೆಳಗಾವಿಯ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಜಗತ್ತಿನಲ್ಲಿ ಅವರಿಗೆ ಪ್ರೀತಿಯಾದದ್ದು ಎರಡೇ: ಒಂದು ಕಾಕು, ಇನ್ನೊಂದು ಹಿಮೋಗ್ಲೋಬಿನ್. ಯಾವುದು ಮೊದಲು, ಯಾವುದು ಎರಡನೆಯದು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ!

ಈ ಹಿಮೋಗ್ಲೋಬಿನ್ನನ್ನು ಅವರು ನನಗೆ ಪರಿಚಯ ಮಾಡಿಸಿದ್ದು ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಬೇಸಿಗೆ ರಜೆಗೆ ನಾವು ನಾಲ್ಕು ಜನ ಅಕ್ಕತಂಗಿ ಅಣ್ಣತಮ್ಮಂದಿರು ಅವರ ಮನೆಯಲ್ಲಿ ಸೇರಿದ್ದೆವು. ಅಜ್ಜಿ ಹೊಲಿದ ಒಂದು ದೊಡ್ಡ ಕೌದಿ ತಂದು ನಮ್ಮನ್ನು ನಾಲ್ಕು ಮೂಲೆಗೆ ಕೂರಿಸಿ, ಮೊಣಕಾಲ ಮೇಲಿಂದ ಕೌದಿ ಎಳೆದುಕೊಳ್ಳಲು ಹೇಳಿದರು.

"ಬಿಗೀಗೆ ಎಳೀರಿ! ಹಾಂ, ಹಂಗ. ರಕ್ತದಾಗ ಹಿಮೋಗ್ಲೋಬಿನ್ ಅಂತ ಐತಿ. ಅದರಾಗ ನಾಲ್ಕು ಪ್ರೋಟೀನ್ ಕೂಡಿ ಒಂದು ಮನಿ ಮಾಡ್ಯಾವ. ನೀವು ನಾಲ್ಕೂ ಮಂದಿ ಆ ಮನಿ. ಒಬ್ಬೊಬ್ಬರ ಉಡ್ಯಾಗ ಒಂದೊಂದು ಆಕ್ಸಿಜನ್ನಿಗೆ ಜಾಗಾ ಐತಿ. ಆದರ ಈಗ ಮೈ ಬಿಗದ್ಕೊಂಡು ಕುಂತೀರಿ. ಬಿಟ್ಟುಕೊಡಬ್ಯಾಡ್ರಿ!"

ಅವರ ಕೈಯಲ್ಲಿ ನಾಲ್ಕು ಲಿಂಬೆಹಣ್ಣು. ಮೊದಲನೆಯದನ್ನು ನನ್ನ ಕೌದಿಯ ಅಂಚಿನಡಿ ತೂರಿಸಲು ನೋಡಿದರು. ನಾವು ಬಿಡಲಿಲ್ಲ. ಕಾಕಾ ಬೆವತರು. ಕೊನೆಗೆ ಹೇಗೋ ನುಸುಳಿಸಿದಾಗ ನಾನು ಕಚಗುಳಿಗೆ ಮುಂದೆ ಬಾಗಿದೆ, ನನ್ನ ಮೂಲೆ ಸಡಿಲಾಯಿತು, ನನ್ನದು ಸಡಿಲಾದದ್ದಕ್ಕೆ ಪಕ್ಕದವಳದೂ ಜಗ್ಗಿತು. ಎರಡನೆಯ ಲಿಂಬೆ ಸಲೀಸಾಗಿ ಹೋಯಿತು. ನಾಲ್ಕನೆಯದು ತಾನೇ ಉರುಳಿಕೊಂಡು ಒಳಗೆ ಹೋಯಿತು!

"ನೋಡಿದ್ರಿ? ಮೊದಲನೇ ಆಕ್ಸಿಜನ್ ಬಂದು ಕುಂತಾಗ ಅಲ್ಲಿರೋ ಕಬ್ಬಿಣ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮಿ ಸರಿತೈತಿ. ಅಷ್ಟಕ್ಕ ಆ ಪ್ರೋಟೀನಿನ ಆಕಾರ ಬದಲಾಗತೈತಿ. ಅದರ ಆಕಾರ ಬದಲಾತಂದ್ರ ಬಾಜೂಕಿನದೂ ಸಡಲಾಗತೈತಿ. ತ್ರಾಸ ಎಲ್ಲಾ ಮೊದಲನೇದಕ್ಕ. ಉಳಿದವು ಓಡಿ ಬರ್ತಾವ!"

ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಅಷ್ಟರಲ್ಲಿ ಅಡಿಗೆಮನೆಯಿಂದ ಕಾಕುವಿನ ದನಿ ಬಂತು. "ಉಪ್ಪಿನಕಾಯಿಗೆ ತಂದಿಟ್ಟ ಲಿಂಬಿಹಣ್ಣು ಎಲ್ಲಿ ಹೋದವ್ರೀ?"

"ಶರೀರದ ತುಂಬ ಹೋದವು!" ಎಂದರು ಕಾಕಾ.

ಅಂದಿನಿಂದ ನನಗೆ ಅವರ ನಡವಳಿಕೆಯೆಲ್ಲ ಅರ್ಥವಾಗತೊಡಗಿತು. ಜನ ಗುಂಪಾಗಿ ಬಿಗಿದುಕೊಂಡು ನಿಂತದ್ದು ಕಂಡರೆ ಕಾಕಾನಿಗೆ ತಡೆಯುವುದಿಲ್ಲ. ಯಾರಾದರೂ ಮೊದಲನೆಯವರಾಗಬೇಕು, ಉಳಿದವರ ಆಕಾರ ಬದಲಾಗಬೇಕು. ಮೆರವಣಿಗೆಯಲ್ಲಿ ಮೊದಲು ಕುಣಿಯುವವರು ಅವರು. ಸಭೆಯಲ್ಲಿ "ಪ್ರಶ್ನೆಗಳಿದ್ದರೆ ಕೇಳಿ" ಎಂದಾಗ ಮೊದಲು ಕೈ ಎತ್ತುವವರು ಅವರು, ಪ್ರಶ್ನೆ ಇರಬೇಕೆಂದೇನಿಲ್ಲ. ಒಮ್ಮೆ ಹೀಗೆ ಕೈ ಎತ್ತಿ, ಎದ್ದು ನಿಂತು, "ಫ್ಯಾನ್ ಸ್ವಲ್ಪ ಜೋರ ಮಾಡ್ತೀರೇನ್ರಿ?" ಎಂದು ಕೇಳಿ ಕೂತಿದ್ದರು.

ಕಾಲೇಜಿನಲ್ಲಿ ಪ್ರತಿ ವರ್ಷ ರಕ್ತದಾನ ಶಿಬಿರ. ಮೊದಲ ಮಂಚದ ಮೇಲೆ ಪ್ರತಿ ವರ್ಷ ಕಾಕಾ. ನಿವೃತ್ತರಾದ ಮೇಲೂ ಹೋದರು. ಅಲ್ಲಿಯ ಸಿಸ್ಟರ್ ವಯಸ್ಸು ಕೇಳಿ, "ಅಜ್ಜಾರ, ನಿಮ್ಮದು ತಗೊಳ್ಳಾಕ ಬರಂಗಿಲ್ಲ" ಎಂದಳು. ಕಾಕಾ ತಲೆಯಾಡಿಸಿ ಹೋಗಿ ಮಂಚದ ಮೇಲೆ ಮಲಗಿ, ಅಂಗಿಯ ತೋಳು ಮಡಚಿ, ಕಣ್ಣು ಮುಚ್ಚಿದರು! ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತಿದ್ದ ವಿದ್ಯಾರ್ಥಿಗಳು, ಈ ಮುದುಕರೇ ಮಲಗಿದ್ದಾರಲ್ಲ ಎಂದು ಒಬ್ಬೊಬ್ಬರಾಗಿ ಒಳಗೆ ಬಂದರು. ಮಂಚಗಳು ತುಂಬಿದವು. ಸಿಸ್ಟರ್ ಮತ್ತೆ ಬಂದು, "ಅಜ್ಜಾರ, ಏಳ್ರಿ. ಖರೇವಂದ್ರ ರಕ್ತ ಕೊಡವರಿಗೆ ಜಾಗಾ ಬೇಕಾಗೇತಿ" ಎಂದಳು. ಕಾಕಾ ಎದ್ದು, ರಕ್ತ ಕೊಟ್ಟವರಿಗೆಂದು ಇಟ್ಟಿದ್ದ ಬಿಸ್ಕಿಟು ಒಂದನ್ನು ತಿಂದು ಮನೆಗೆ ಬಂದರು.

ಹಿಡಿಯುವುದು ಅರ್ಧ ವಿದ್ಯೆ, ಬಿಡುವುದು ಇನ್ನರ್ಧ ಎಂದು ಕಾಕಾನ ಸಿದ್ಧಾಂತ. ಶ್ವಾಸಕೋಶದಲ್ಲಿ ಆಕ್ಸಿಜನ್ ಹಿಡಿದುಕೊಂಡು ಬಂದ ಹಿಮೋಗ್ಲೋಬಿನ್, ದುಡಿಯುವ ಸ್ನಾಯುವಿನ ಹತ್ತಿರ ಬಂದಾಗ ಅದನ್ನು ಬಿಡಬೇಕು. ಹೇಗೆ ಬಿಡುತ್ತದೆ? ಅಲ್ಲಿ ಸೆಕೆ ಹೆಚ್ಚು, ಹುಳಿ ಹೆಚ್ಚು. ಆ ಸೆಕೆಗೆ, ಆ ಹುಳಿಗೆ ಅದರ ಆಕಾರ ಮತ್ತೆ ಬದಲಾಗಿ ಹಿಡಿತ ಸಡಿಲುತ್ತದೆ. ಇದನ್ನು ಕಾಲೇಜಿನಲ್ಲಿ ಕಲಿಸಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಕಾಕಾ ಅದನ್ನು ಮನೆಯಲ್ಲಿ ಪ್ರಯೋಗಿಸಿದರು.

ಅವರ ಮನೆಗೆ ಒಬ್ಬ ದೂರದ ಬಂಧು ಬರುತ್ತಿದ್ದರು. ಬಂದರೆ ಏಳುವ ಮಾತಿಲ್ಲ. ತಮ್ಮ ಮೂಲವ್ಯಾಧಿಯ ಆಪರೇಷನ್ನಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಕೊನೆಯಿಂದ ಮೊದಲಿನವರೆಗೆ ಹೇಳುವವರು. ಒಂದು ಏಪ್ರಿಲ್ ಮಧ್ಯಾಹ್ನ ಅವರು ಕೂತು ಎರಡು ತಾಸಾದಾಗ ಕಾಕಾ ನನಗೆ ಕಣ್ಣು ಮಿಟುಕಿಸಿದರು. ಎದ್ದು ಹೋಗಿ ಫ್ಯಾನು ಬಂದ್ ಮಾಡಿ, "ಕರೆಂಟ್ ಹೋತು ನೋಡ್ರಿ" ಎಂದರು. ಸೆಕೆ ಆಯಿತು. ಕಾಕುವಿಗೆ ಹೇಳಿ ಕಣ್ಣು ಕಿರಿದಾಗುವಷ್ಟು ಹುಳಿಯ ಲಿಂಬೆ ಶರಬತ್ತು ಮಾಡಿಸಿ ತಂದುಕೊಟ್ಟರು. ಹುಳಿಯೂ ಆಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು.

ಬಂಧುಗಳು ಶರಬತ್ತು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ವಾ! ಇನ್ನೊಂದ ಗಿಲಾಸ ಬರ್ಲಿ" ಎಂದರು. ಅಂಗಿ ಬಿಚ್ಚಿ ಕುರ್ಚಿಗೆ ಹಾಕಿದರು. "ಸೆಕಿ ಭಾಳ ಐತಿ, ಈ ಬಿಸಲಾಗ ಎಲ್ಲಿ ಹೋಗ್ಲಿ? ಸಂಜಿಕ ತಂಪಾದ ಮ್ಯಾಲ ಹೊಂಡ್ತೀನಿ" ಎಂದು ಕಾಕಾನ ದಿಂಬು ಎಳೆದುಕೊಂಡು ಅಲ್ಲೇ ಅಡ್ಡಾದರು!

ಕಾಕಾ ನನ್ನನ್ನು ಅಡಿಗೆಮನೆಗೆ ಕರೆದು ಗಂಭೀರವಾಗಿ ಪಿಸುಗುಟ್ಟಿದರು. "ನನ್ನ ಲೆಕ್ಕ ತಪ್ಪಿತು ಮಗಳ. ಇವ ಆಕ್ಸಿಜನ್ ಅಲ್ಲ. ಇವ ಕಾರ್ಬನ್ ಮೊನಾಕ್ಸೈಡ್! ಅದು ಹಿಮೋಗ್ಲೋಬಿನ್ನಿನ ಮ್ಯಾಲ ಒಮ್ಮಿ ಕುಂತರ ಏಳಾಕ ಒಲ್ಲೆ ಅಂತೈತಿ."

ಇಲ್ಲಿಯವರೆಗೆ ನಗಿಸಿದೆ. ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಾಕಾನ ವಿಷಯ ಪೂರ್ತಿಯಾಗುವುದಿಲ್ಲ.

ನನ್ನನ್ನು ನಂದಗಡಕ್ಕೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೆಯ ವರ್ಷ ನನ್ನ ಗಂಡ ಕಾಯಿಲೆ ಬಿದ್ದು ತೀರಿಕೊಂಡರು. ಮಕ್ಕಳಿರಲಿಲ್ಲ. ನನ್ನ ಅಪ್ಪ ಮೊದಲೇ ಹೋಗಿದ್ದರು. ನಾನು ಬೆಳಗಾವಿಗೆ ಬಂದು ಅವ್ವನ ಜೊತೆ ಇದ್ದು, ಖಾನಾಪುರದ ಒಂದು ಕಚೇರಿಯಲ್ಲಿ ನೌಕರಿ ಹಿಡಿದು, ದಿನವೂ ಬಸ್ಸಿನಲ್ಲಿ ಹೋಗಿ ಬರುವುದು ಮಾಡಿದೆ. ಮುಂಜಾನೆ ಡಬ್ಬಿ ಕಟ್ಟಿಕೊಂಡು ಹೋಗುವುದು, ಸಂಜೆ ಖಾಲಿ ಡಬ್ಬಿ ತರುವುದು. ಯಾರಾದರೂ ಕರೆದರೆ ಹೋಗುತ್ತಿರಲಿಲ್ಲ. ಆರು ವರ್ಷ ಹಾಗೆಯೇ ಕಳೆದವು.

ಒಂದು ದಿನ ಕಾಕಾ ಬಂದು ನನ್ನೆದುರು ಕೂತರು. "ನಮ್ಮ ಸ್ನಾಯುದಾಗ ಮಯೋಗ್ಲೋಬಿನ್ ಅಂತ ಐತಿ," ಎಂದರು. "ಹಿಮೋಗ್ಲೋಬಿನ್ನಿನ ತಂಗಿ ಇದ್ದಂಗ. ಆದರ ಒಬ್ಬಾಕಿನ. ಅಕ್ಕಪಕ್ಕ ಯಾರೂ ಇಲ್ಲ. ತನಗ ಸಿಕ್ಕ ಒಂದು ಆಕ್ಸಿಜನ್ ಗಟ್ಟಿ ಹಿಡಕೊಂಡು ಕುಂತಿರತೈತಿ, ಸುಲಭಕ್ಕ ಬಿಡಂಗಿಲ್ಲ. ನೀ ಹಂಗಾಗೀಯಲ್ಲ, ಮಗಳ."

ಅಷ್ಟು ವರ್ಷಗಳಲ್ಲಿ ಯಾರೂ ನನ್ನ ದುಃಖದ ಬಗ್ಗೆ ನನ್ನೆದುರಿಗೆ ಮಾತಾಡಿರಲಿಲ್ಲ. ನಾನು ಅವತ್ತು ಮನಸಾರೆ ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಕಾಕಾ "ಚಾ ಮಾಡ್ತೀಯೇನು?" ಎಂದರು.

ನಮ್ಮ ಕಚೇರಿಯ ಎದುರಿನ ಶಾಲೆಯಲ್ಲಿ ಒಬ್ಬ ಗಣಿತದ ಮಾಸ್ತರರಿದ್ದರು. ಖಾನಾಪುರದವರೇ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅವರ ಹೆಂಡತಿ ತೀರಿಕೊಂಡು ಬಹಳ ದಿನಗಳಾಗಿದ್ದವು. ಮಧ್ಯಾಹ್ನದ ಚಹಾಕ್ಕೆ ಇಬ್ಬರೂ ಒಂದೇ ಹೋಟೆಲ್ಲಿಗೆ ಹೋಗುತ್ತಿದ್ದೆವು. ಒಂದು ವರ್ಷ ಒಂದೇ ಟೇಬಲ್ಲಿನಲ್ಲಿ ಚಹಾ ಕುಡಿದೆವು. ಮಳೆಯ ಬಗ್ಗೆ, ಬಸ್ಸಿನ ಬಗ್ಗೆ, ಹತ್ತನೆಯ ಇಯತ್ತೆಯ ಫಲಿತಾಂಶದ ಬಗ್ಗೆ ಮಾತಾಡಿದೆವು. ಆಡಬೇಕಾದ ಮಾತು ಮಾತ್ರ ಇಬ್ಬರೂ ಆಡಲಿಲ್ಲ.

ಖಾನಾಪುರಕ್ಕೆ ಯಾವುದೋ ಕೆಲಸಕ್ಕೆ ಬಂದ ಕಾಕಾ ನನ್ನನ್ನು ಹುಡುಕಿಕೊಂಡು ಆ ಹೋಟೆಲ್ಲಿಗೆ ಬಂದರು. ಕುರ್ಚಿ ಎಳೆದು ನಮ್ಮ ನಡುವೆ ಕೂತರು. ನನ್ನ ಮುಖ ನೋಡಿದರು, ಮಾಸ್ತರರ ಮುಖ ನೋಡಿದರು. ಬಸಿಯಲ್ಲಿ ಚಹಾ ಸುರಿದು ಒಂದು ಗುಟುಕು ಎಳೆದರು.

"ನಾ ಈಕಿ ಕಾಕಾ. ನೀವು ಈಕಿನ್ನ ಯಾವಾಗ ಕೇಳವರು? ನನಗ ನಾಲ್ಕರ ಬಸ್ಸಿಗೆ ಹೋಗಬೇಕು."

ನಾಚಿಕೆಯಿಲ್ಲದ ಮನುಷ್ಯ ಎಂದು ನಾನು ಮೊದಲೇ ಹೇಳಿದೆನಲ್ಲ! ಮಾಸ್ತರರ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಅದನ್ನು ಒರೆಸಿಕೊಳ್ಳುತ್ತ ಅವರು ಕೇಳಿಯೂ ಬಿಟ್ಟರು. ಕಾಕಾ ನಾಲ್ಕರ ಬಸ್ಸಿಗೆ ಹೋದರು.

ಈಗ ಶುರುವಾಯಿತು ನೋಡಿ ಮನೆಯಲ್ಲಿ ಗದ್ದಲ. ನಮ್ಮ ಕಡೆ ಗಂಡ ಸತ್ತವಳ ಮರುಮದುವೆಗೆ ಉಡಿಕಿ ಎನ್ನುತ್ತಾರೆ. ಅದು ಹೊಸದಲ್ಲ, ಹಿಂದಿನಿಂದ ನಡೆದು ಬಂದದ್ದು. ಆದರೆ ಅದಕ್ಕೆ ವಾದ್ಯವಿಲ್ಲ, ಚಪ್ಪರವಿಲ್ಲ, ಪಂಕ್ತಿಯಿಲ್ಲ. ನಾಲ್ಕು ಗೋಡೆಯ ನಡುವೆ ನಾಲ್ಕು ಜನ ಕೂಡಿ ಮುಗಿಸುವುದು. ನಮ್ಮ ಮನೆತನದ ಹಿರಿಯರು ದೊಡ್ಡಪ್ಪ, ಕಾಕಾನ ಅಣ್ಣ. ಅವರು ಹೇಳಿದರು: "ಸುಮ್ಕ ಉಡಿಕಿ ಮಾಡಿ ಮುಗಸಪಾ. ಊಟ ಗೀಟ ಯಾಕ?"

"ಯಾಕ ಅಣ್ಣಾ, ಆಕಿ ಏನ ಕದ್ದು ಓಡಿ ಹೊಂಟಾಳೇನು? ಎಲ್ಲಾರನ್ನೂ ಕರೀತೀನಿ. ಹೋಳಿಗಿ ಮಾಡಸ್ತೀನಿ."

ದೊಡ್ಡಪ್ಪ ಕಡ್ಡಿ ಮುರಿದಂತೆ ಹೇಳಿದರು: "ಬರ್ತೀವಿ. ಅಕ್ಕಿಕಾಳ ಒಗೀತೀವಿ. ಆದರ ಎಲಿಗಿ ಕುಂದರಂಗಿಲ್ಲ."

ಹೊರಗಿನವರಿಗೆ ಇದು ಸಣ್ಣ ಮಾತೆನ್ನಿಸಬಹುದು. ನಮ್ಮಲ್ಲಿ ಸಣ್ಣದಲ್ಲ. ಎಲೆಗೆ ಕೂತರೆ ಒಪ್ಪಿದಂತೆ. ಕೂಡದೆ ಹೋದರೆ, ಬಂದು ನೋಡಿದೆವು, ಆದರೆ ನೀನು ಇನ್ನು ನಮ್ಮವಳಲ್ಲ ಎಂದಂತೆ. ಅವ್ವ ಅವತ್ತಿನಿಂದ ಸರಿಯಾಗಿ ಉಣ್ಣಲಿಲ್ಲ. "ಮಂದಿ ಉಣದ ಹೋದ್ರ ನಾಳೆ ನಿನ್ನ ಒಂದು ಸೀಮಂತಕ್ಕ, ಒಂದು ತೊಟ್ಟಲಕ್ಕ ಯಾರೂ ಕರ್ಯಂಗಿಲ್ಲ. ನಾ ಹ್ವಾದ ಮ್ಯಾಲ ನಿನಗ ತವರು ಅಂತ ಎಲ್ಲಿರತೈತಿ?" ಎಂದು ಅಳುತ್ತಿದ್ದಳು. ನನಗೂ ಅದೇ ಭಯ. ಮದುವೆಯಾಗುವುದು ಒಬ್ಬರನ್ನು, ಆದರೆ ಕಳೆದುಕೊಳ್ಳುವುದು ಎಲ್ಲರನ್ನೂ.

ಇನ್ನೊಂದು ಕಷ್ಟವಿತ್ತು. ನಂದಗಡದಲ್ಲಿ ನನ್ನ ಅತ್ತೆ, ಹೋದ ಗಂಡನ ತಾಯಿ, ಒಬ್ಬರೇ ಇದ್ದರು. ಅವರಿಗೆ ನಾನೇ ಹೇಳಬೇಕೆಂದು ಹೋದೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಹೇಳಿದ್ದನ್ನು ಕೇಳಿದರು. ಹರಳು ಆರಿಸುವ ಕೈ ನಿಲ್ಲಲಿಲ್ಲ. "ಆತು" ಎಂದರು. ಮದುವೆಗೆ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅದನ್ನು ಕಾಕಾ ಹೋಗಿ ಹೇಳಿ ಬಂದರಂತೆ. "ಏನಂದ್ರು?" ಎಂದು ಕೇಳಿದೆ. "ನೀರು ಕೊಟ್ರು, ಬೆಲ್ಲ ಕೊಟ್ರು," ಎಂದರು ಕಾಕಾ.

ಮದುವೆ ಖಾನಾಪುರದ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ. ಜನ ಬಂದರು. ಬೆಳಗಾವಿಯಿಂದ ಬಂದರು, ಊರೂರಿನಿಂದ ಬಂದರು, ಇಷ್ಟು ಜನ ಬರುತ್ತಾರೆಂದು ನಾನು ತಿಳಿದಿರಲಿಲ್ಲ. ಅಕ್ಕಿಕಾಳು ಬಿದ್ದವು. ನಂದಗಡದ ಅತ್ತೆಯೂ ಬಂದಿದ್ದರು. ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ಸೆರಗು ಹೊದ್ದು ಕೂತವರನ್ನು ನಾನು ದೂರದಿಂದಲೇ ನೋಡಿದೆ. ಗಂಡಿನ ಕಡೆಯವರು ಹತ್ತು ಹನ್ನೆರಡು ಜನ, ಅವರ ಪಂಕ್ತಿ ಮೊದಲಾಗಿ ಮುಗಿಯಿತು. ನಮ್ಮ ಕಡೆಯವರಿಗೆಂದು ಹೊಸ ಎಲೆ ಬಿದ್ದವು, ಎರಡು ಸಾಲು.

ಯಾರೂ ಕೂಡಲಿಲ್ಲ.

"ಇವತ್ತ ನನ್ನದು ಉಪಾಸ ಐತಿ," ಎಂದರು ದೊಡ್ಡಪ್ಪ. ಮಂಗಳವಾರ ಅವರು ಎಂದಿನಿಂದ ಉಪವಾಸ ಮಾಡುತ್ತಾರೆಂದು ಅವರ ಹೆಂಡತಿಗೇ ಗೊತ್ತಿರಲಿಲ್ಲ! ಒಬ್ಬರಿಗೆ ಆ್ಯಸಿಡಿಟಿ. ಒಬ್ಬರಿಗೆ ಬಸ್ಸಿನ ಹೊತ್ತು. ಒಬ್ಬರು ಹೊಸ ಹಲ್ಲಿನ ಸೆಟ್ಟು ಮನೆಯಲ್ಲೇ ಬಿಟ್ಟು ಬಂದಿದ್ದರು. ಇದು ದಿನದ ಉಪಚಾರವಲ್ಲ ಎಂದು ನನಗೆ ಗೊತ್ತಿತ್ತು. ಅವ್ವ ಗೋಡೆ ಹಿಡಿದು ನಿಂತಿದ್ದಳು.

ಕಾಕಾ ಬಂದು ನಡುವಿನ ಎಲೆಗೆ ಕೂತರು. ಹೆಣ್ಣಿನ ಕಡೆಯ ಯಜಮಾನ ಅತಿಥಿಗಳಿಗಿಂತ ಮೊದಲು ಉಣ್ಣುವುದೆಂದರೆ ಏನು ಹೇಳಬೇಕು? ಆದರೂ ಕೂತರು. "ಹೂಂ, ತರ್ರಿ!" ಎಂದರು.

ಬಡಿಸಿದರು. ಉಂಡರು. ಸುತ್ತ ನೋಡಿದರು. ಯಾರೂ ಕದಲಲಿಲ್ಲ.

ನಮ್ಮ ಪಂಕ್ತಿಯಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಉಣ್ಣುತ್ತಿರುವವರೆಗೆ ಎಲೆ ಎತ್ತುವಂತಿಲ್ಲ. ಕೊನೆಯವರು ಎದ್ದರೆ ಪಂಕ್ತಿ ಮುಗಿಯಿತು. ಕಾಕಾ ಎದ್ದರೆ ಆ ಎರಡು ಸಾಲು ಖಾಲಿ ಎಲೆಗಳನ್ನು ಸುತ್ತಿ ಹೊರಗೆ ಒಗೆಯಬೇಕು. ಅದಕ್ಕೇ ಅವರು ಏಳಲಿಲ್ಲ. ಒಂದು ತುತ್ತನ್ನು ಎಷ್ಟೋ ಹೊತ್ತು ಅಗಿದರು. ಅನ್ನವನ್ನು ಗುಡ್ಡೆ ಮಾಡಿದರು, ಗುಡ್ಡೆ ಒಡೆದರು, ಮತ್ತೆ ಮಾಡಿದರು. ಹೋಳಿಗೆ ಹಾಕಿಸಿಕೊಂಡರು. ಮತ್ತೊಂದು ಹಾಕಿಸಿಕೊಂಡರು. ಕಾಕಾನಿಗೆ ಶುಗರ್ ಇದೆ. ಸಿಹಿ ಅವರಿಗೆ ವಿಷ. ಮನೆಯಲ್ಲಿ ಕಾಕು ಒಂದು ಚಮಚ ಸಕ್ಕರೆ ಮುಟ್ಟಲು ಬಿಡುವುದಿಲ್ಲ.

"ಮಾಸ್ತರ, ಆತೇನ್ರಿ?" ಎಂದು ಬಡಿಸುವವನು ಮೆಲ್ಲಗೆ ಕೇಳಿದ.

"ಯಾಕ, ಹೋಳಿಗಿ ತೀರಿದವೇನು?" ಎಂದರು ಕಾಕಾ ಎಲ್ಲರಿಗೂ ಕೇಳುವಂತೆ.

ಆಗ ಕಾಕು ಬಂದಳು. ಇನ್ನು ಆಯಿತು, ಎಲ್ಲರ ಎದುರಿಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಬಡಿಸುವವನ ಕೈಯಿಂದ ಪಾತ್ರೆ ಇಸಿದುಕೊಂಡು ಕಾಕಾನ ಎದುರು ಕುಕ್ಕರಗಾಲಲ್ಲಿ ಕೂತು, ಹೋಳಿಗೆಯನ್ನು ಸಣ್ಣ ಸಣ್ಣ ಚೂರು ಮಾಡಿ ಒಂದೊಂದೇ ಹಾಕತೊಡಗಿದಳು, ಬೇಗ ತೀರದ ಹಾಗೆ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅರ್ಧ ತಾಸಾಯಿತು. ಕಾಕಾನ ಹಣೆಯ ಮೇಲೆ ಬೆವರು ಬಂತು. ಸಾಕು ಕಾಕಾ, ಏಳ್ರಿ, ನನಗೆ ಯಾರೂ ಬೇಡ ಎಂದು ಕೂಗಬೇಕೆನ್ನಿಸಿತು. ಹೆಜ್ಜೆ ಮುಂದಿಟ್ಟೆ.

ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಅತ್ತೆ ಎದ್ದರು. ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ನಡೆದು ಬಂದರು. ಅವರು ಕಾಕಾನ ಬಾಜೂಕಿನ ಎಲೆಗೆ ಕೂತು ಸೆರಗು ಸರಿಮಾಡಿಕೊಂಡರು. ಕಾಕುವಿನ ಕೈ ಹಿಡಿದು ನಿಲ್ಲಿಸಿದರು.

"ಅವರಿಗೆ ಸಾಕವ್ವಾ ಇನ್ನ. ನನಗ ಹಾಕು."

ಒಂದು ಚೂರು ಹೋಳಿಗೆ ಬಾಯಿಗಿಟ್ಟುಕೊಂಡರು. ನುಂಗಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಕಂಡೆ. ನುಂಗಿದ ಮೇಲೆ ತಲೆಯೆತ್ತಿ ದೊಡ್ಡಪ್ಪನನ್ನು ನೋಡಿದರು.

"ಹೋದಂವ ನನ್ನ ಮಗ. ಹೆತ್ತಾಕಿ ನಾ ಉಣ್ಣಾಕತ್ತೀನಿ. ನಿಮ್ಮದೇನ್ರಿ?"

ದೊಡ್ಡಪ್ಪನ ಮುಖ ಕೆಳಗಾಯಿತು. ಅವರು ಚಪ್ಪಲಿ ಬಿಟ್ಟು ಬಂದು ಕೂತರು. ಅವರ ಹಿಂದೆ ಆ್ಯಸಿಡಿಟಿ ಬಂತು, ಬಸ್ಸಿನ ಹೊತ್ತು ಬಂತು. ಹಲ್ಲಿಲ್ಲದವರು ಬಂದು ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿಕೊಡಲು ಹೇಳಿದರು. ಎರಡು ಸಾಲು ತುಂಬಿ ಮೂರನೆಯದಕ್ಕೆ ಎಲೆ ಹಾಕಬೇಕಾಯಿತು. ಅವ್ವ ಗೋಡೆ ಬಿಟ್ಟು ತುಪ್ಪದ ಗಿಂಡಿ ಹಿಡಿದು ಓಡಾಡುತ್ತಿದ್ದಳು.

ಕಾಕಾನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಕೈ ತೊಳೆಯುವಲ್ಲಿ ನಾನು ಅವರಿಗೆ ನೀರು ಹಾಕಿದೆ. "ಕಾಕಾ, ಮೊದಲನೇದು ನೀವ ಆದ್ರಿ," ಎಂದೆ.

"ನಾ ಅಲ್ಲ," ಎಂದರು ಕಾಕಾ. "ನಾ ಮದಿವ್ಯಾಗ ದಿನಾ ಕುಂದರಂವ, ನನಗೇನ ತ್ರಾಸ? ಯಾರಿಗೆ ಕುಂದರಾಕ ಭಾಳ ತ್ರಾಸ ಆತೋ, ಮೊದಲನೇದು ಆಕಿ."

ಸಂಜೆ ನಂದಗಡದ ಬಸ್ಸಿಗೆ ಅತ್ತೆಯನ್ನು ಹತ್ತಿಸಲು ನಾವು ಮೂವರೂ ಬಂದೆವು, ನಾನು, ನನ್ನವರು, ಕಾಕಾ. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತರು.

"ಪಂಚಮಿಗೆ ಕರ್ಯಾಕ ಬರ್ತೀನಿ. ಉಂಡಿ ಕಟ್ಟಿಟ್ಟಿರ್ತೀನಿ. ಇಬ್ಬರೂ ಬರ್ರಿ."

ನಮ್ಮ ಕಡೆ ನಾಗರ ಪಂಚಮಿಗೆ ಉಂಡೆ ತಿನ್ನಲು ಕರೆಯುವುದು ಹೆಣ್ಣುಮಕ್ಕಳನ್ನು, ತವರಿಗೆ. ಸೊಸೆಯನ್ನು ಯಾರೂ ಕರೆಯುವುದಿಲ್ಲ. ಸೊಸೆ ಆ ಮನೆಯಿಂದ ತನ್ನ ತವರಿಗೆ ಹೊರಡುವವಳು. ಕಾಕಾ ಏನಾದರೂ ಹೇಳುತ್ತಾರೆಂದು ತಿರುಗಿ ನೋಡಿದೆ. ಅವರು ಧೋತರದ ಚುಂಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಕಂಡಕ್ಟರ್ ಸೀಟಿ ಊದಿದ. ನಾನು ಅತ್ತೆ ಎನ್ನಲು ಬಾಯಿ ತೆರೆದವಳು, "ಬರ್ತೀನಿ ಯವ್ವಾ," ಎಂದೆ.